ಮೊದಲ ಹತ್ತು ನಿಮಿಷ ಹೋದ್ರೆ ಎಂತ ಆಗ್ತು?

ನಾನು ಶಿರಸಿಯಲ್ಲಿ ಮದುವೆ, ಉಪನಯನಗಳ ವಿಡಿಯೋ ಮಾಡುವವನು. ಜೊತೆಗೆ ಸಿನಿಮಾ ಹುಚ್ಚು. ನನ್ನ ಜೊತೆ ಟಾಕೀಸಿಗೆ ಬರುವವರಿಗೆಲ್ಲ ಒಂದು ಕಷ್ಟ ಇದೆ. ಪಿಕ್ಚರ್ ಶುರುವಾಗುವ ಮೊದಲೇ ಕುರ್ಚಿಯಲ್ಲಿ ಕೂತಿರಬೇಕು ಎಂದು ಹಟ ಮಾಡುತ್ತೇನೆ. ಅದರಲ್ಲೂ ಆ್ಯಕ್ಷನ್ ಸಿನಿಮಾ ಆದರೆ ಹಟ ಜಾಸ್ತಿ.

ನಮ್ಮ ಭಾವ ಹಳ್ಳಿಯಿಂದ ಬಸ್ಸಿನಲ್ಲಿ ಬರಬೇಕು. ಇಳಿದ ಮೇಲೆ ಚಾ ಆಗಲೇಬೇಕು. "ಬಾ ಮಾರಾಯಾ, ಚಾ ಕುಡ್ಕಂಡು ಹೋಪನ. ಮೊದ್ಲ ಹತ್ತು ನಿಮಿಷ ಹೋದ್ರೆ ಎಂತ ಆಗ್ತು? ಬರೀ ಹೊಡೆದಾಟ. ಕಥೆ ಆಮೇಲೆ ಶುರುವಾಗ್ತು" ಎನ್ನುತ್ತಾನೆ. ಭಾವ ಒಬ್ಬನೇ ಅಲ್ಲ. ತಂಗಿ ಕೇಳಿದ್ದಾಳೆ, ನನ್ನ ಜೊತೆ ಕ್ಯಾಮೆರಾ ಹಿಡಿಯುವ ಹುಡುಗರು ಕೇಳಿದ್ದಾರೆ. ಒಮ್ಮೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಗುರುತಿಲ್ಲದವರೊಬ್ಬರೂ ಕೇಳಿದರು. ಪ್ರತಿ ಸಲ ಅರ್ಧಂಬರ್ಧ ಹೇಳಿ ಸುಮ್ಮನಾಗುತ್ತಿದ್ದೆ. ಈಗ ಕೂತು ಬರೆಯುತ್ತಿದ್ದೇನೆ.

ಭಾವ ಹೇಳುವುದರಲ್ಲಿ ಒಂದು ಮಾತು ನಿಜ. ಹೊಡೆದಾಟ ತಪ್ಪಿದರೆ ದೊಡ್ಡ ನಷ್ಟ ಏನಿಲ್ಲ, ಮುಂದೆ ಬೇಕಾದಷ್ಟು ಬರುತ್ತದೆ. ನಾನು ಬೇಗ ಹೋಗುವುದು ಕೈ ನೋಡಲಿಕ್ಕೆ.

ಹೌದು, ಕೈ. 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ತೆಗೆದುಕೊಳ್ಳಿ. ಸ್ಪೀಲ್‌ಬರ್ಗ್ ನಿರ್ದೇಶನ. ಕಾಡಿನಲ್ಲಿ ನಾಲ್ಕಾರು ಜನ ನಡೆಯುತ್ತಿದ್ದಾರೆ. ಮುಂದೆ ಹೋಗುವವನ ಮುಖ ನಮಗೆ ಕಾಣುವುದಿಲ್ಲ. ಟೋಪಿ ಕಾಣುತ್ತದೆ, ಬೆನ್ನು ಕಾಣುತ್ತದೆ, ಹರಿದ ನಕ್ಷೆಯ ತುಂಡುಗಳನ್ನು ಜೋಡಿಸುವ ಕೈ ಕಾಣುತ್ತದೆ. ಜೊತೆಗಿದ್ದವನೊಬ್ಬ ಹಿಂದಿನಿಂದ ಪಿಸ್ತೂಲು ತೆಗೆಯುತ್ತಾನೆ. ಚಾವಟಿ ಬೀಸಿ ಬರುತ್ತದೆ, ಪಿಸ್ತೂಲು ಹಾರಿಹೋಗುತ್ತದೆ. ಆಮೇಲೆ ಅವನು ನೆರಳಿನಿಂದ ಬೆಳಕಿಗೆ ಒಂದು ಹೆಜ್ಜೆ ಇಡುತ್ತಾನೆ. ಮುಖ ಸಿಗುವುದು ಆಗ.

ಮುಂದೆ ಗುಹೆಯೊಳಗೆ ಒಂದು ಚಿನ್ನದ ಮೂರ್ತಿ. ಅದನ್ನು ಎತ್ತಿದರೆ ಏನೋ ಅನಾಹುತ ಆಗುತ್ತದೆ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು. ಅಷ್ಟೇ ತೂಕದ ಮರಳಿನ ಚೀಲ ಇಟ್ಟು ಮೂರ್ತಿ ಎತ್ತುವುದು ಅವನ ಉಪಾಯ. ಚೀಲವನ್ನು ಕೈಯಲ್ಲಿ ತೂಗಿ ನೋಡುತ್ತಾನೆ. ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತದೆ. ಒಂದಿಷ್ಟು ಮರಳು ಕೆಳಗೆ ಸುರಿಯುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಕ್ಷಣ ಇದು. ನಮ್ಮ ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡುವವರು ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಎತ್ತಿ ನೋಡುತ್ತಾರಲ್ಲ, ಅದೇ ಕೈ. ಇವನು ಕಸುಬು ಬಲ್ಲವನು, ಅಂದಾಜಿನ ಮೇಲೆ ಬದುಕುವವನು ಎಂದು ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ.

ಮೂರ್ತಿ ಬದಲಾಯಿಸುತ್ತಾನೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಪೀಠ ಕುಸಿಯುತ್ತದೆ. ಅಂದಾಜು ತಪ್ಪಿತ್ತು! ಅಲ್ಲಿಂದ ಓಟ, ಹಿಂದೆ ಉರುಳಿ ಬರುವ ಬಂಡೆ. ಹೊರಗೆ ಬಂದರೆ ಎದುರಾಳಿ ಕಾದು ನಿಂತಿದ್ದಾನೆ, ಮೂರ್ತಿ ಅವನ ಪಾಲು. ಅಂದರೆ ನಮ್ಮ ಹೀರೋ ಮೊದಲ ಕೆಲಸದಲ್ಲೇ ಸೋತ. ಜಾನ್ ವಿಲಿಯಮ್ಸ್ ಅವರ ಆ ಪ್ರಸಿದ್ಧ ಸಂಗೀತ ಮೊದಲ ಸಲ ಕೇಳಿಸುವುದು ಅವನು ಜೀವ ಉಳಿಸಿಕೊಂಡು ಓಡುವಾಗ. ಕೊನೆಗೆ ವಿಮಾನ ಹತ್ತಿದರೆ ಕಾಲ ಹತ್ತಿರ ಹಾವು. ಬಂಡೆಗೆ ಹೆದರದವನು ಹಾವಿಗೆ ಕಿರುಚುತ್ತಾನೆ. ಮುಂದೆ ಅವನನ್ನು ಸಾವಿರ ಹಾವುಗಳ ನಡುವೆ ಇಳಿಸುವಾಗ ನಿರ್ದೇಶಕರು ಮತ್ತೆ ಏನೂ ವಿವರಿಸಬೇಕಾಗಿಲ್ಲ. ನೀವು ಚಾ ಕುಡಿದು ಬಂದಿದ್ದರೆ ಅಲ್ಲಿ ಕಾಣುವುದು ಬರೀ ಹಾವು.

ಇದೆಲ್ಲ ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ, ಒಂದು ಚಪ್ಪಲಿಯಿಂದ ಗೊತ್ತಾದದ್ದು.

ಕೆಲವು ವರ್ಷದ ಹಿಂದೆ ಕಾರವಾರದ ಗೆಳೆಯರ ಜೊತೆ ಸೇರಿ ಮೊಬೈಲಿನಲ್ಲೇ ಒಂದು ಕಿರುಚಿತ್ರ ಮಾಡಿದೆವು. ಬೈತಖೋಲ ಬಂದರಿನಲ್ಲಿ ಒಬ್ಬ ಓಡುತ್ತಾನೆ, ಇಬ್ಬರು ಬೆನ್ನಟ್ಟುತ್ತಾರೆ. ಬಲೆಯ ರಾಶಿ, ಮೀನಿನ ಬುಟ್ಟಿ, ಸಾಲಾಗಿ ಕಟ್ಟಿದ ಬೋಟು, ಎಲ್ಲದರ ನಡುವೆ ಓಟ. ನಾಲ್ಕು ಕಡೆಯಿಂದ ಶೂಟ್ ಮಾಡಿದ್ದೆ. ಪಟಪಟ ಕಟ್ ಮಾಡಿ, ಜೋರಾಗಿ ಡ್ರಮ್ ಹಾಕಿ, ಗೆಳೆಯನ ಮನೆಯ ಟಿವಿಯಲ್ಲಿ ಎಲ್ಲರಿಗೂ ತೋರಿಸಿದೆ. ಅರ್ಧ ನಿಮಿಷಕ್ಕೆ ಒಬ್ಬ ಫೋನ್ ತೆಗೆದ. ಇನ್ನೊಬ್ಬ "ಅವ ಯಾಕೆ ಓಡ್ತಾ ಇದ್ದಾನೆ?" ಎಂದು ಕೇಳಿದ. ಗೆಳೆಯನ ಅಮ್ಮ ಏನೂ ಹೇಳದೆ ಒಳಗೆ ಎದ್ದು ಹೋದರು. ಅದೇ ಜಾಸ್ತಿ ನೋವಾಯಿತು.

ಮನೆಗೆ ಬಂದು ಶೂಟ್ ಮಾಡಿದ್ದನ್ನೆಲ್ಲ ಮತ್ತೆ ತಿರುವಿ ಹಾಕಿದೆ. ಬೇಡವೆಂದು ಬಿಟ್ಟ ತುಣುಕುಗಳಲ್ಲಿ ಒಂದು ಸಿಕ್ಕಿತು. ನಮ್ಮ ಹುಡುಗ ದಕ್ಕೆಯ ಅಂಚಿನಲ್ಲಿ ಕೂತು, ಬಾರು ಕಿತ್ತ ಹವಾಯಿ ಚಪ್ಪಲಿಗೆ ಪಿನ್ನು ಸಿಕ್ಕಿಸುತ್ತಿದ್ದಾನೆ. ಕ್ಯಾಮೆರಾ ಆನ್ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎಂಟು ಸೆಕೆಂಡಿನ ಶಾಟ್. ಅದನ್ನು ಮೊದಲಿಗೆ ಹಾಕಿದೆ. ಡ್ರಮ್ ತೆಗೆದೆ. ಬೇರೇನೂ ಮುಟ್ಟಲಿಲ್ಲ.

ಮತ್ತೆ ತೋರಿಸಿದಾಗ ಗೆಳೆಯನ ಅಮ್ಮ ಬಾಗಿಲಲ್ಲೇ ನಿಂತು ನೋಡಿದರು. ಓಟ ಶುರುವಾದ ಕೂಡಲೇ "ಅಯ್ಯೋ, ಚಪ್ಪಲಿ ಬಿಟ್ಟು ಓಡೋ" ಎಂದರು. ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ. ಒದ್ದೆ ಕಲ್ಲು ಬಂದರೆ ಉಸಿರು ಬಿಗಿ ಹಿಡಿಯುತ್ತಿದ್ದರು. ನಿಜ ಹೇಳಬೇಕೆಂದರೆ ಆ ಪಿನ್ನು ಕೊನೆಗೂ ಕಿತ್ತುಹೋಗುವುದೇ ಇಲ್ಲ. ಕಿತ್ತುಹೋಗುವ ಶಾಟ್ ನಮ್ಮ ಹತ್ತಿರ ಇರಲೇ ಇಲ್ಲ.

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ಹೇಳುತ್ತಿದ್ದರು. ಬಾಂಬು ದಿಢೀರನೆ ಸಿಡಿದರೆ ನಾವು ಬೆಚ್ಚಿಬೀಳುತ್ತೇವೆ, ಮುಗಿಯಿತು. ಬಾಂಬು ಇದೆ ಎಂದು ಮೊದಲೇ ತೋರಿಸಿದರೆ ಮೇಜಿನ ಸುತ್ತ ಕೂತವರ ಹರಟೆಯೂ ನಮಗೆ ಹಿಂಸೆ. 1958ರಲ್ಲಿ ಆರ್ಸನ್ ವೆಲ್ಸ್ 'ಟಚ್ ಆಫ್ ಈವಿಲ್' ಚಿತ್ರವನ್ನು ಹಾಗೆಯೇ ಶುರು ಮಾಡಿದರು. ಕಾರಿನ ಡಿಕ್ಕಿಯಲ್ಲಿ ಬಾಂಬು ಇಡುವುದು ಕಾಣುತ್ತದೆ. ಆಮೇಲೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೂ ಕಟ್ ಇಲ್ಲದೆ ಆ ಕಾರು ಊರೊಳಗೆ ತಿರುಗುತ್ತದೆ. ಕಟ್ ಮಾಡಿದರೆ ನಮಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಅವರು ಆ ಬಿಡುವು ಕೊಡುವುದಿಲ್ಲ. ನಾನು ಪಟಪಟ ಕಟ್ ಮಾಡಿ ಕೆಡಿಸಿದ್ದು ಅದನ್ನೇ.

ಶಬ್ದದ ವಿಷಯವೂ ಹಾಗೇ. ಸರ್ಜಿಯೋ ಲಿಯೋನೆಯ 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಶುರುವಾಗುವುದು ಒಂದು ಪಾಳು ಬಿದ್ದಂಥ ರೈಲ್ವೆ ಸ್ಟೇಷನ್ನಿನಲ್ಲಿ. ಮೂವರು ಬಂದೂಕುಧಾರಿಗಳು ರೈಲಿಗೆ ಕಾಯುತ್ತಾರೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಕಾಯುತ್ತಾರೆ! ಸಂಗೀತ ಇಲ್ಲ. ಗಾಳಿಯಂತ್ರ ಕಿರ್ರೆನ್ನುತ್ತದೆ. ಒಬ್ಬನ ಟೋಪಿಯ ಮೇಲೆ ನೀರು ತೊಟ್ಟಿಕ್ಕುತ್ತದೆ, ಅವನು ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಬ್ಬನ ಮುಖದ ಮೇಲೆ ನೊಣ. ಅದನ್ನು ಬಂದೂಕಿನ ನಳಿಗೆಯಲ್ಲಿ ಹಿಡಿದು ಅದರ ಗುಂಯ್‌ಗುಟ್ಟುವಿಕೆ ಕೇಳುತ್ತಾನೆ. ರೈಲು ಬಂದು ಹೋದ ಮೇಲೆ ಗುಂಡಿನ ಕಾಳಗ ಮುಗಿಯಲು ಕೆಲವೇ ಸೆಕೆಂಡು ಸಾಕು. ಮೂವರೂ ಸಾಯುತ್ತಾರೆ. ಆದರೂ ನೊಣ ಹಿಡಿದವನು ನನಗೆ ಇವತ್ತಿಗೂ ನೆನಪಿದ್ದಾನೆ.

ಇನ್ನು 'ಸೇವಿಂಗ್ ಪ್ರೈವೇಟ್ ರಯಾನ್', 1998. ಎರಡನೇ ಮಹಾಯುದ್ಧ, ಫ್ರಾನ್ಸಿನ ಒಮಾಹಾ ದಡಕ್ಕೆ ಸೈನಿಕರನ್ನು ಒಯ್ಯುವ ದೋಣಿ. ಕ್ಯಾಪ್ಟನ್‌ನ ಮುಖಕ್ಕಿಂತ ಮೊದಲು ನಾವು ನೋಡುವುದು ನೀರಿನ ಬಾಟಲಿ ಹಿಡಿದು ನಡುಗುವ ಅವನ ಕೈ. ದಡದ ದೃಶ್ಯಗಳಿಗೆ ಫಿಲ್ಮಿಗೆ ಬೆಳಕು ಬಿಡುವ ಕ್ಯಾಮೆರಾದ ಶಟರನ್ನು ಮಾಮೂಲಿಗಿಂತ ಕಿರಿದು ಮಾಡಿದ್ದರು. ಹಾಗಾಗಿ ಸಿಡಿದ ಮರಳಿನ ಕಣ ಕಣವೂ ಚೂಪಾಗಿ ಕಾಣುತ್ತದೆ, ಚಲನೆ ಕತ್ತರಿಸಿದ ಹಾಗೆ ಆಗುತ್ತದೆ. ತಂತ್ರವನ್ನು ಎಲ್ಲರೂ ಹೊಗಳುತ್ತಾರೆ. ಆ ಕೈ ಇಲ್ಲದಿದ್ದರೆ ಅಷ್ಟೂ ಮರಳು ಬರೀ ಮರಳು ಎಂದೇ ನನ್ನ ಲೆಕ್ಕ.

'ಶೋಲೆ'ಯ ನಾಣ್ಯ ಎಲ್ಲರಿಗೂ ಗೊತ್ತು. ರೈಲಿನ ಹೊಡೆದಾಟ ಮುಗಿದಿದೆ, ಇನ್‌ಸ್ಪೆಕ್ಟರ್ ಗಾಯಗೊಂಡು ಬಿದ್ದಿದ್ದಾನೆ. ಕಳ್ಳರಾದ ಜೈ, ವೀರು ಓಡಿಹೋಗುವುದೋ, ಅವನನ್ನು ಆಸ್ಪತ್ರೆಗೆ ಒಯ್ಯುವುದೋ? ನಾಣ್ಯ ಚಿಮ್ಮುತ್ತಾರೆ. ಆ ನಾಣ್ಯದ ಎರಡೂ ಬದಿ ಒಂದೇ ಎಂದು ತಿಳಿಯುವುದು ಕೊನೆಯಲ್ಲಿ, ಜೈ ಸಾಯುವಾಗ. ಮೊದಲನೆಯದು ನೋಡದವನಿಗೆ ಕೊನೆಯದು ಅರ್ಧವೇ ತಟ್ಟುತ್ತದೆ.

ನಮ್ಮಪ್ಪಯ್ಯ ಸಿನಿಮಾ ನೋಡುವವರಲ್ಲ. ಯಕ್ಷಗಾನದವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟಗಳನ್ನು ನೋಡುತ್ತಾ ಬೆಳೆದವರು. ಒಂದು ದಿನ ನಾನು 2008ರ 'ದಿ ಡಾರ್ಕ್ ನೈಟ್' ಹಾಕಿಕೊಂಡು ಕೂತಿದ್ದೆ. ಬೀದಿಯ ಮೂಲೆಯಲ್ಲಿ ಒಬ್ಬ ಬೆನ್ನು ಹಾಕಿ ನಿಂತಿದ್ದಾನೆ. ಕೈಯಲ್ಲಿ ಕೋಡಂಗಿಯ ಮುಖವಾಡ ತೂಗುತ್ತಿದೆ. ಕ್ಯಾಮೆರಾ ಮೆಲ್ಲಗೆ ಅವನ ಹತ್ತಿರ ಹೋಗುತ್ತದೆ. ಆಮೇಲೆ ಬ್ಯಾಂಕ್ ದರೋಡೆ, ಎಲ್ಲರೂ ಮುಖವಾಡದಲ್ಲೇ, ಒಬ್ಬೊಬ್ಬರನ್ನೇ ಜೊತೆಯವರೇ ಕೊಲ್ಲುತ್ತಾರೆ. ಯಾರು ಮುಖ್ಯ ಎಂದು ಕೊನೆಯವರೆಗೂ ಹೇಳುವುದಿಲ್ಲ. ಕೊನೆಗೆ ಉಳಿದವನು ಮುಖವಾಡ ತೆಗೆದರೆ ಒಳಗಿನದೂ ಬಣ್ಣ ಬಳಿದ ಮುಖವೇ. ಅಪ್ಪಯ್ಯ ಎಲೆ ಅಡಿಕೆ ಹಾಕುವುದನ್ನು ನಿಲ್ಲಿಸಿ "ಇದು ತೆರೆ ಹಿಡಿದಾಂಗೇ ಇದ್ದಲ್ಲೋ" ಎಂದರು.

ಸರಿಯಾಗಿಯೇ ಹೇಳಿದರು. ರಾಕ್ಷಸ ವೇಷ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರೆ. ಚಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟದ ತುದಿ, ಅಂಚಿನಲ್ಲಿ ಬೆರಳು, ಹಿಂದಿನಿಂದ ಅಬ್ಬರ. ಮುಖ ಕೊಡುವುದಿಲ್ಲ. ಸಣ್ಣವನಿದ್ದಾಗ ಆ ಬೆರಳು ಕಂಡರೇ ನಾನು ಅಜ್ಜಿಯ ಸೆರಗಿನೊಳಗೆ ಸೇರುತ್ತಿದ್ದೆ. ತೆರೆ ಸರಿದು ಪೂರ್ತಿ ವೇಷ ಕಂಡ ಮೇಲೆ ಅಷ್ಟು ಭಯ ಇರುತ್ತಿರಲಿಲ್ಲ.

ಇಲ್ಲೊಂದು ತಕರಾರು ಇದೆ, ಹೇಳಿಬಿಡುತ್ತೇನೆ. ನಮ್ಮ ಎಷ್ಟೋ ಹೀರೋ ಎಂಟ್ರಿಗಳಲ್ಲೂ ಮೊದಲು ಬೂಟು, ಆಮೇಲೆ ಬೆನ್ನು, ಆಮೇಲೆ ಸ್ಲೋ ಮೋಷನ್ನಿನಲ್ಲಿ ಮುಖ. ತೆರೆ ಹಿಡಿದದ್ದೇನೋ ಹೌದು. ಆದರೆ ಆ ಬೂಟು ಏನೂ ಹೇಳುವುದಿಲ್ಲ. ಬರುತ್ತಿರುವವನು ಯಾರೆಂದು ಪೋಸ್ಟರ್ ನೋಡಿದ ಎಲ್ಲರಿಗೂ ಗೊತ್ತು. ಸೀಟಿ ಹೊಡೆಯಲು ಮಜಾ ಇದೆ, ನಾನೂ ಹೊಡೆದಿದ್ದೇನೆ. ಪಾತ್ರ ಮಾತ್ರ ಹುಟ್ಟುವುದಿಲ್ಲ. 2018ರ 'ಕೆ.ಜಿ.ಎಫ್' ಸ್ವಲ್ಪ ಜಾಣತನ ಮಾಡಿತು. ನಾಯಕನಿಗಿಂತ ಮೊದಲು ಅವನ ಕಥೆ ಹೇಳುವವರನ್ನು ಕೂರಿಸಿತು. ಅನಂತ್ ನಾಗ್ ಅವರ ದನಿ ಹೇಳುತ್ತಾ ಹೋದ ಹಾಗೆ ನಮಗೂ ಅವನನ್ನು ನೋಡಬೇಕು ಅನಿಸುತ್ತದೆ.

ಈಗ ಮದುವೆ ವಿಡಿಯೋದಲ್ಲೂ ನನಗೆ ಇದೇ ಚಟ. ದಿಬ್ಬಣ ಬರುವ ಮೊದಲು ಹುಡುಗಿಯ ಅಪ್ಪನ ಕೈಯನ್ನು ಹಿಡಿಯುತ್ತೇನೆ. ಅಂಗಿಯ ಕಿಸೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿರುತ್ತಾರೆ.

ಇದನ್ನೆಲ್ಲ ಭಾವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾರೆ ಕೊನೇ ಹತ್ತು ನಿಮಿಷ ಬಿಟ್ಟು ಎದ್ದು ಬಪ್ಪಲೆ ಅಡ್ಡಿಲ್ಯನಾ? ಕೊನೇ ಬಸ್ಸು ಹಿಡಿಯವು" ಎಂದ.

ಅಡ್ಡಿಲ್ಲೆ ಎಂದೆ.