ಐರೋಳಿ ಖಾಡಿಗೆ ಹೊರಡುವ ಮುನ್ನ ಉಬ್ಬರದ ಹೊತ್ತು ನೋಡಿ

ಠಾಣೆ ಖಾಡಿಯ (ಸಮುದ್ರದ ನೀರು ಒಳಗೆ ಚಾಚಿದ ಜಾಗ) ರಾಜಹಂಸ, ಅಂದರೆ ಫ್ಲೆಮಿಂಗೊ ನೋಡಲು ಮುಂಬಯಿಯ ನಮ್ಮವರು ಭಾನುವಾರ ಬಿಡುವಿದೆ ಅಂತ ಹೊರಟುಬಿಡುತ್ತಾರೆ. ಕ್ಯಾಲೆಂಡರ್ ಬಿಟ್ಟು ಉಬ್ಬರ-ಇಳಿತದ ಪಟ್ಟಿ ನೋಡಿ. ಪೂರ್ತಿ ಇಳಿತದಲ್ಲಿ ಹಿಂಡು ದೂರದ ಕೆಸರಿನಲ್ಲಿ ಚದುರಿರುತ್ತದೆ, ಬೋಟೂ ಹೊರಡುವುದಿಲ್ಲ. ನೀರು ಏರಿದ ಹಾಗೆ ಹಕ್ಕಿಗಳು ದಡದ ಕಡೆ ಸರಿಯುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಈ ವಾರ ಬೆಳಗ್ಗೆ ಎಂಟಕ್ಕೆ ಉಬ್ಬರವಿದ್ದರೆ ಮುಂದಿನ ವಾರ ಅದೇ ಹೊತ್ತಿಗೆ ಬರೀ ಕೆಸರು!

ನಾನು ಹೋಗಿದ್ದು ಸ್ವಯಂಸೇವಕರ ಜೊತೆ, ಜನವರಿಯ ನೀರುಹಕ್ಕಿ ಗಣತಿಗೆ. ಏಷ್ಯಾದಲ್ಲಿ 1987ರಿಂದ ನಡೆಯುತ್ತಿರುವ ಗಣತಿ ಇದು. ಸುಮ್ನೆ ನೋಡಿಕೊಂಡು ಬರುವುದಕ್ಕಿಂತ ಹೀಗೆ ಹೋಗುವುದೇ ಲಾಭ, ಪಕ್ಕದಲ್ಲಿ ಹೇಳಿಕೊಡುವವರು ಇರುತ್ತಾರೆ. ಸಾವಿರಾರು ಹಕ್ಕಿಯನ್ನು ಒಂದೊಂದಾಗಿ ಎಣಿಸಲು ಆಗಲ್ಲ ಅಲ್ವಾ? ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ನೋಡಿ, ಅದೇ ಅಳತೆಯಲ್ಲಿ ನೂರು, ಐನೂರು ಅಂತ ಹಿಂಡಿನ ಉದ್ದಕ್ಕೂ ಸಾಗಬೇಕು. ನಮ್ಮ ತಂಡದ ಉಡುಪಿ ಕಡೆಯ ಹಿರಿಯರೊಬ್ಬರು ದುರ್ಬೀನಿನಿಂದ ಕಣ್ಣು ತೆಗೆಯದೆಯೇ ಗದರಿದರು: "ಎಣಿಸುವಾಗ ಮಾತಾಡ್ಬೇಡಿ ಮಾರಾಯ್ರೆ, ಲೆಕ್ಕ ತಪ್ಪುತ್ತದೆ!"

ಇಲ್ಲಿ ಎರಡು ಜಾತಿಯ ರಾಜಹಂಸ ಸಿಗುತ್ತವೆ. ಕೊಕ್ಕು ನೋಡಿ. ತಿಳಿ ಗುಲಾಬಿ ಕೊಕ್ಕು, ತುದಿ ಮಾತ್ರ ಕಪ್ಪು ಇದ್ದರೆ ದೊಡ್ಡ ಜಾತಿ. ಇಡೀ ಕೊಕ್ಕು ಕಡುಗೆಂಪಾಗಿದ್ದು ಮೈ ಗಿಡ್ಡವಿದ್ದರೆ ಚಿಕ್ಕ ಜಾತಿ. ಬೂದು ಬಣ್ಣದವು ಮರಿಗಳು, ಅವನ್ನೂ ಬಿಡದೆ ಎಣಿಸಿ. ಹಿಂಡು ಹಾರುವ ಫೋಟೋಗಾಗಿ ಚಪ್ಪಾಳೆ ತಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೇಯುವ ಹಕ್ಕಿಗೂ ತೊಂದರೆ, ಎಣಿಸುವವರಿಗೂ ತೊಂದರೆ.

ಈ ಲೆಕ್ಕ ಕಾಟಾಚಾರಕ್ಕಲ್ಲ. ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆ ಪಟ್ಟಿಯ ಮಾನದಂಡಗಳಲ್ಲಿ ಒಂದು, ಆ ಜಾಗದಲ್ಲಿ 20,000 ನೀರುಹಕ್ಕಿ ತಪ್ಪದೆ ಸೇರಬೇಕು ಎಂಬುದು. ಎಣಿಸದೆ ಅದನ್ನು ತೋರಿಸುವುದು ಹೇಗೆ?

ಖಾಡಿಯ ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಸ ತೆಗೆಯಲು ಕರೆದರೆ ಅದು ಇಳಿತದ ಹೊತ್ತಿನ ಕೆಸರಿನ ಕೆಲಸ. ಗಮ್‌ಬೂಟು, ದಪ್ಪ ಕೈಗವಸು, ಕತ್ತರಿ ಒಯ್ಯಿರಿ. ಕತ್ತರಿ ಯಾಕೆ ಅಂದರೆ, ನೆಲದಿಂದ ಮೇಲೆದ್ದ ಉಸಿರುಬೇರುಗಳಿಗೆ ಹಳೆ ಬಟ್ಟೆ, ಪ್ಲಾಸ್ಟಿಕ್ ಸುತ್ತಿಕೊಂಡಿರುತ್ತದೆ. ಎಳೆದರೆ ಬೇರೇ ಮುರಿಯುತ್ತದೆ, ಕತ್ತರಿಸಿಯೇ ಬಿಡಿಸಬೇಕು. ಕಾಲಿಡುವಾಗಲೂ ಬೇರು ನೋಡಿಕೊಂಡು ಇಡಿ.

ಠಾಣೆ ಸ್ಟೇಷನ್ನಿನಲ್ಲಿ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದು ಐರೋಳಿಯಲ್ಲಿ ಇಳಿಯಿರಿ, ಅಲ್ಲಿಂದ ಜೀವವೈವಿಧ್ಯ ಕೇಂದ್ರಕ್ಕೆ ರಿಕ್ಷಾ ಮಾಡಿ. ಬೋಟಿನ ಸೀಟು ಮೊದಲೇ ವಿಚಾರಿಸಿಕೊಳ್ಳಿ. ನೀರು, ಟೊಪ್ಪಿ ಮರೆಯಬೇಡಿ.