ಪಿಂಗ್ ಬಂತು, ಬಿಎಂಸಿ ಬರಲಿಲ್ಲ

ಆಟಿ ತಿಂಗಳ ಮಳೆ, ರಾತ್ರಿ ಒಂದೂಕಾಲು ಗಂಟೆ. ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಕರೆಂಟ್ ಹೋಗಿತ್ತು, ಇನ್ವರ್ಟರಿನಲ್ಲಿ ರೂಟರ್ ಮಾತ್ರ ಮಿಣುಕುತ್ತಿತ್ತು. ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ನಾನು ನೋಡಿಕೊಳ್ಳುವ 38 ಸರ್ವರುಗಳಲ್ಲಿ ಒಂದು ಕೆರ್ನಲ್ ಪ್ಯಾನಿಕ್ ಆಗಿ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳೇ ಕೈಕೊಟ್ಟು, ಬಿದ್ದುಕೊಂಡಿತ್ತು. ಇದೇನೂ ಹೊಸತಲ್ಲ. ಬಿಎಂಸಿಗೆ ಹೋಗಿ ಒಂದು ಪವರ್ ಸೈಕಲ್ (ಕರೆಂಟ್ ಕಡಿದು ಮತ್ತೆ ಕೊಡುವುದು) ಕೊಟ್ಟು ಮಲಗಿದರಾಯಿತು ಅಂದುಕೊಂಡೆ.

ಗೊತ್ತಿಲ್ಲದವರಿಗೆ: ಬಿಎಂಸಿ ಅಂದರೆ ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್. ಸರ್ವರಿನ ಮದರ್‌ಬೋರ್ಡಿನ ಮೇಲೇ ಕೂತಿರುವ ಇನ್ನೊಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಅದರದೇ ಪ್ರೊಸೆಸರ್, ಅದರದೇ ಐಪಿ ವಿಳಾಸ. ಸರ್ವರ್ ಆಫ್ ಆಗಿದ್ದರೂ ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ ಎಚ್ಚರವಾಗಿರುತ್ತದೆ. ಡೆಲ್‌ನವರು ಐಡ್ರ್ಯಾಕ್ ಅನ್ನುತ್ತಾರೆ, ಎಚ್‌ಪಿಯವರು ಐಲೋ ಅನ್ನುತ್ತಾರೆ.

ಬಿಎಂಸಿಗಳ ಜೊತೆ ದೂರದಿಂದ ಮಾತಾಡುವ ಹಳೆಯ ಭಾಷೆ ಐಪಿಎಂಐ. ಅದರಲ್ಲಿ ಆಜ್ಞೆ ಕಳಿಸುವ ಐಪಿಎಂಐಟೂಲ್ ಓಡಿಸಿದೆ. ‘ಅನೇಬಲ್ ಟು ಎಸ್ಟಾಬ್ಲಿಷ್ ಐಪಿಎಂಐ ವಿ2 ಸೆಷನ್’, ಅಂದರೆ ಲಾಗಿನ್ ಸಂಪರ್ಕ ಆಗಲಿಲ್ಲ, ಅಂತ ಬಂತು. ಈ ಒಂದು ಸಾಲಿನ ಹಿಂದೆ ಏನು ಬೇಕಾದರೂ ಇರಬಹುದು: ಪಾಸ್‌ವರ್ಡ್ ತಪ್ಪು, ಸೈಫರ್ ಸೂಟ್ (ಗೂಢಲಿಪಿ ವಿಧಾನ) ಹೊಂದದಿರುವುದು, ಫೈರ್‌ವಾಲ್ ತಡೆ, ಸೆಷನ್ ತುಂಬಿರುವುದು. ವೆಬ್ ಪುಟವೂ ತೆರೆಯಲಿಲ್ಲ. ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಅಂತ ನೆಟ್‌ವರ್ಕಿನಲ್ಲಿ ಕೂಗಿದರೆ, ಮಾತ್ರ ಅಚ್ಚುಕಟ್ಟಾಗಿ ಉತ್ತರ ಬರುತ್ತಿತ್ತು.

ನನ್ನ ತಪ್ಪು ಅಲ್ಲೇ ಇತ್ತು. ದಿನಾ ಬೆಳಿಗ್ಗೆ 7ಕ್ಕೆ ಒಂದು ಸ್ಕ್ರಿಪ್ಟ್ 38 ಬಿಎಂಸಿಗಳನ್ನೂ ಪಿಂಗ್ ಮಾಡಿ ಹಸಿರು ಪಟ್ಟಿ ಕಳಿಸುತ್ತಿತ್ತು. ಬರೆದವನೂ ನಾನೇ, ನೋಡಿ ಸಮಾಧಾನ ಪಟ್ಟವನೂ ನಾನೇ. ಪಿಂಗ್‌ಗೆ ಉತ್ತರ ಕೊಡುವುದು ಬಿಎಂಸಿಯೊಳಗಿನ ಕೆರ್ನಲ್. ಲಾಗಿನ್ ತೆಗೆದುಕೊಂಡು ಪವರ್ ಸೈಕಲ್ ಮಾಡಬೇಕಾದದ್ದು ಅದರ ಮೇಲೆ ಓಡುವ ಬೇರೆ ಸರ್ವಿಸ್. ಅದು ಸತ್ತು ಎಷ್ಟು ದಿನವಾಗಿತ್ತೋ. ಅಂಗಳದ ನಾಯಿ ಬೊಗಳಿತು ಅಂತ ಮನೆಯಲ್ಲಿ ಜನ ಇದ್ದಾರೆ ಅನ್ನುವ ಹಾಗಿಲ್ಲವಲ್ಲ.

ಸರ್ವರ್ ಜೀವದಲ್ಲಿದ್ದರೆ ಒಳಗಿನಿಂದಲೇ ‘ಎಂಸಿ ರೀಸೆಟ್ ಕೋಲ್ಡ್’ ಕೊಟ್ಟು ಬಿಎಂಸಿಯನ್ನು ಎಬ್ಬಿಸಬಹುದಿತ್ತು. ಅದೇ ಮಲಗಿದೆ. ಉಳಿದ ದಾರಿ ಡೇಟಾ ಸೆಂಟರಿನ ರಾತ್ರಿ ಪಾಳಿಯವರಿಗೆ ಫೋನು. ನಮ್ಮಲ್ಲಿ ರೇಂಜ್ ಸಿಗುವುದು ಹಟ್ಟಿಯ ಹತ್ತಿರ ಮಾತ್ರ. ಕೊಡೆ ಹಿಡಿದು ಹೊರಟರೆ ಅಮ್ಮ ಎದ್ದು, “ಎಂತ ಮಾಣಿ, ಈ ಹೊತ್ತಿಂಗೆ ಆರತ್ರೆ ಮಾತಾಡುದು?” ಅಂದಳು.

ಫೋನಿನಲ್ಲಿ ರಾತ್ರಿ ಪಾಳಿಯವ: “ಸರ್, ಪವರ್ ಕೇಬಲ್ ತೆಗ್ದೆ. ಲೈಟು ಇನ್ನೂ ಉರೀತಾನೇ ಇದೆ.”

“ಹಿಂದೆ ಇನ್ನೊಂದು ಪವರ್ ಸಪ್ಲೈ ಇದೆ ನೋಡಿ. ಅದನ್ನೂ ತೆಗೀರಿ. ಅರ್ಧ ನಿಮಿಷ ಬಿಟ್ಟು ಎರಡೂ ಹಾಕಿ.”

ಒಂದು ಕೇಬಲ್ ಉಳಿದರೂ ಬಿಎಂಸಿಗೆ ಸ್ಟ್ಯಾಂಡ್‌ಬೈ ಸಿಗುತ್ತಲೇ ಇರುತ್ತದೆ. ಎರಡನ್ನೂ ತೆಗೆದು ಹಾಕಿದ ಮೇಲೆ ಎಲ್ಲ ಸರಿಯಾಗುವಾಗ ಎರಡೂಮುಕ್ಕಾಲು.

ಮರುದಿನ ಸ್ಕ್ರಿಪ್ಟನ್ನು ಹೊಸದಾಗಿ ಬರೆದೆ. ಪಿಂಗ್ ಆದ ಮೇಲೆ ಐಪಿಎಂಐ ಬಳಸುವ ಯುಡಿಪಿ 623ನೇ ಪೋರ್ಟಿಗೆ ಪ್ರೆಸೆನ್ಸ್ ಪಿಂಗ್, ಅಂದರೆ ಆ ಸರ್ವಿಸ್ ಇದೆಯಾ ಅನ್ನುವ ಪ್ರಶ್ನೆ. ಯುಡಿಪಿಯಾದ್ದರಿಂದ ಒಂದು ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಬಹುದು, ಹಾಗಾಗಿ ಮೂರು ಸಲ. ಆಮೇಲೆ ರಾತ್ರಿ ನಾನು ಬಳಸುವ ಅದೇ ಖಾತೆಯಲ್ಲಿ ಲಾಗಿನ್ ಆಗಿ ‘ಚಾಸಿ ಪವರ್ ಸ್ಟೇಟಸ್’, ಅಂದರೆ ಸರ್ವರ್ ಆನ್ ಇದೆಯೋ ಆಫೋ ಅಂತ, ಕೇಳುವುದು. ಇಲ್ಲೊಂದು ಸಣ್ಣ ಗುಂಡಿ: ಸ್ಟೇಟಸ್ ಓದಲು ಯೂಸರ್ ಮಟ್ಟದ ಹಕ್ಕು ಸಾಕು, ಪವರ್ ಸೈಕಲ್ ಮಾಡಲು ಆಪರೇಟರ್ ಬೇಕು. ಅದಕ್ಕೇ ಸೆಷನ್ನನ್ನೇ ಆಪರೇಟರ್ ಮಟ್ಟದಲ್ಲಿ ಕೇಳುತ್ತೇನೆ. ಕೊನೆಗೆ ರೆಡ್‌ಫಿಶ್, ಐಪಿಎಂಐಯ ಬದಲಿಗೆ ಬಂದ ಹೊಸ ಪದ್ಧತಿ. 2015ರಲ್ಲಿ ಬಂದ ಈ ಎಚ್‌ಟಿಟಿಪಿಎಸ್ ದಾರಿಯಲ್ಲಿ ಮೊದಲ ಪುಟ ಲಾಗಿನ್ ಇಲ್ಲದೆಯೇ ತೆರೆಯುತ್ತದೆ. ಅದನ್ನು ನೋಡಿ ಹಸಿರು ಹಾಕಿದರೆ ಮತ್ತೆ ನಾಯಿಯ ಕಥೆಯೇ. ಲಾಗಿನ್ ಕೇಳುವ ‘ಸಿಸ್ಟಮ್ಸ್’ ಪುಟದ ತನಕ ಹೋಗಬೇಕು.

ಮೊದಲ ಓಟದಲ್ಲೇ ಐದು ಕೆಂಪು. ಎರಡರಲ್ಲಿ ಸರ್ವಿಸ್ ಸತ್ತಿತ್ತು. ಮೂರರಲ್ಲಿ ವೆಬ್‌ನಲ್ಲಿ ಲಾಗಿನ್ ಆಗುತ್ತದೆ, ಐಪಿಎಂಐಯಲ್ಲಿ ಆಗುವುದಿಲ್ಲ. ತಲೆ ಕೆರೆದುಕೊಂಡು ಅರ್ಧ ದಿನ ಹೋಯಿತು. ಐಪಿಎಂಐ 2.0ರಲ್ಲಿ ಪಾಸ್‌ವರ್ಡ್ 20 ಬೈಟ್ ಮೀರುವ ಹಾಗಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಕೊಟ್ಟ 24 ಅಕ್ಷರವನ್ನು ನಾನು ವೆಬ್‌ನಲ್ಲಿ ಹಾಕಿದ್ದೆ, ಆ ಬೋರ್ಡುಗಳು ತುಟಿ ಪಿಟಕ್ಕೆನ್ನದೆ ತೆಗೆದುಕೊಂಡಿದ್ದವು.

ಇಷ್ಟು ಮಾಡಿ ಬೀಗುತ್ತಿರುವಾಗ, ಕೆಲವು ದಿನದಲ್ಲಿ ಒಂದೊಂದೇ ಬಿಎಂಸಿಯ ರೆಡ್‌ಫಿಶ್ ಲಾಗಿನ್ ನಿರಾಕರಿಸತೊಡಗಿತು. ಕಾರಣ ನನ್ನ ಟೂಲೇ. ಪ್ರತಿ ಸಲ ಹೊಸ ಸೆಷನ್ ತೆರೆದು ಮುಚ್ಚದೆ ಬಿಡುತ್ತಿತ್ತು. ಇವು ಒಪ್ಪುವ ಸೆಷನ್ನುಗಳೇ ಕೈಬೆರಳೆಣಿಕೆಯಷ್ಟು. ಪರೀಕ್ಷೆ ಮಾಡಲು ಹೋದವನೇ ಬಾಗಿಲಿಗೆ ಅಡ್ಡ ನಿಂತ ಹಾಗಾಯಿತು. ಸೆಷನ್ ಅಳಿಸುವ ಒಂದು ಸಾಲು ಸೇರಿಸಿದೆ, ಮಧ್ಯದಲ್ಲಿ ತಪ್ಪಾದರೂ ಆ ಸಾಲು ಓಡುವ ಹಾಗೆ.

ಟೂಲ್ ಓಡುವುದು ಬೆಂಗಳೂರಿನಲ್ಲಿ, ಅದೇ ನೆಟ್‌ವರ್ಕಿನೊಳಗೆ. ನಾನಿರುವುದು ಇಲ್ಲಿ, ಹೊರಗಿನಿಂದ ಆ ನೆಟ್‌ವರ್ಕಿಗೆ ಹೋಗುವ ವಿಪಿಎನ್ ದಾರಿಯ ಈಚೆ. ಇದು ಹೊಳೆದದ್ದು ತಡವಾಗಿ. ಈಗ ಶನಿವಾರ ಒಮ್ಮೆ ಮನೆಯಿಂದಲೇ ಕೈಯಾರೆ ಓಡಿಸುತ್ತೇನೆ. ಮೊದಲ ಶನಿವಾರ ರೆಡ್‌ಫಿಶ್ ಬಳಸುವ 443ನೇ ಪೋರ್ಟಿನಲ್ಲಿ ಎಲ್ಲವೂ ಹಸಿರು, ಐಪಿಎಂಐಯ 623ರಲ್ಲಿ 38ಕ್ಕೆ 38 ಕೆಂಪು. ಹಿಂದಿನ ವಾರ ವಿಪಿಎನ್ ನಿಯಮಗಳನ್ನು ಬದಲಿಸಿದವರು ಯುಡಿಪಿಯ ಸಾಲನ್ನು ಮರೆತಿದ್ದರು.