ಒಂದು ಪ್ರಶ್ನೆ ಹಿಡಿದು ಎರಡು ವರ್ಷ

ವಿಭಾಗದ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಬಳಗದವರು ಕೇಳಿದಾಗ ತುಂಬಾ ಖುಷಿಯಾಯಿತು. ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂದು ಯೋಚಿಸುತ್ತಿರುವ ಪದವಿ ವಿದ್ಯಾರ್ಥಿಗಳೂ ಇದನ್ನು ಓದುತ್ತಾರಂತೆ. ಹಾಗಾಗಿ ಅರ್ಜಿ ಹಾಕಿದಲ್ಲಿಂದ ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಮುಗಿಯುವವರೆಗೆ ನಡೆದದ್ದನ್ನು, ಅವರಿಗೆ ಉಪಯೋಗವಾಗುವಷ್ಟು ಬರೆಯುತ್ತೇನೆ.

ನಾನು ಪದವಿಯಲ್ಲಿ ಓದಿದ್ದು ಜೀವವಿಜ್ಞಾನ. ಇತಿಹಾಸದ ಕಡೆ ನನ್ನನ್ನು ಎಳೆದದ್ದು 1918ರ ಇನ್‌ಫ್ಲುಯೆಂಜಾ. ಸೂಕ್ಷ್ಮಜೀವಿಗಳ ಪಾಠದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಒಂದು ಪ್ಯಾರಾ. ಸುಮಾರು 5 ಕೋಟಿ ಜನ ಸತ್ತಿರಬಹುದು ಎಂಬ ಅಂದಾಜು, ಪಕ್ಕದಲ್ಲಿ ವೈರಸ್‌ನ ಚಿತ್ರ, ಅಷ್ಟೇ. ಪುಟ ತಿರುಗಿಸಿದರೆ ಮುಂದಿನ ಪಾಠ. ಅದೇ ಹೊತ್ತಿಗೆ ನಡೆಯುತ್ತಿದ್ದ ಮೊದಲನೇ ಮಹಾಯುದ್ಧದಲ್ಲಿ ಸತ್ತ ಸೈನಿಕರು ಸುಮಾರು 1 ಕೋಟಿ. ಯುದ್ಧದ ಬಗ್ಗೆ ಎಷ್ಟೊಂದು ಸ್ಮಾರಕಗಳು, ಎಷ್ಟೊಂದು ಪುಸ್ತಕಗಳು! ಜ್ವರದ ಬಗ್ಗೆ ಯಾಕೆ ಇಷ್ಟು ಕಡಿಮೆ? ಇದಕ್ಕೆ ಜೀವವಿಜ್ಞಾನದಲ್ಲಿ ಉತ್ತರ ಇರಲಿಲ್ಲ.

ಬೇರೆ ವಿಷಯದಲ್ಲಿ ಪದವಿ ಪಡೆದವರು ಇತಿಹಾಸಕ್ಕೆ ಬರಬಹುದಾ ಎಂದು ಈಗಲೂ ಹಲವರು ಕೇಳುತ್ತಾರೆ. ಎಲ್ಲ ಕಡೆ ಒಂದೇ ನಿಯಮ ಇಲ್ಲ. ಕೆಲವು ವಿಶ್ವವಿದ್ಯಾಲಯಗಳು ಪದವಿಯಲ್ಲಿ ಇತಿಹಾಸ ಓದಿರಲೇಬೇಕು ಅನ್ನುತ್ತವೆ. ಕೆಲವು ಕಡೆ ಯಾವ ಪದವಿಯಾದರೂ ಸರಿ, ಪ್ರವೇಶ ಪರೀಕ್ಷೆ ಪಾಸಾದರೆ ಸಾಕು. ಇನ್ನು ಕೆಲವು ಕಡೆ ಉದ್ದೇಶ ಪತ್ರ, ಶಿಫಾರಸು ಪತ್ರಗಳು, ನೀವು ಹಿಂದೆ ಬರೆದ ಒಂದು ಪ್ರಬಂಧ ಎಲ್ಲವನ್ನೂ ಕೇಳುತ್ತಾರೆ. ಅಂಕಪಟ್ಟಿ, ವರ್ಗಾವಣೆ ಪತ್ರದಂಥ ಕಾಗದಗಳ ಕೆಲಸ ಹೇಗೋ ಮುಗಿಯುತ್ತದೆ. ಸಮಯ ಹಿಡಿಯುವುದು ಉದ್ದೇಶ ಪತ್ರ.

ಆ ಪತ್ರದ ವಿಷಯದಲ್ಲಿ ನಮ್ಮ ಕಾಲೇಜಿನ ಇತಿಹಾಸದ ಮೇಡಂ ಹೇಳಿದ ಮಾತು ನನಗೆ ದಾರಿ ತೋರಿಸಿತು. ‘ನಿನಗೆ ಇತಿಹಾಸ ಇಷ್ಟ ಅಂತ ಅವರಿಗೆ ಗೊತ್ತು. ಇಷ್ಟ ಇಲ್ಲದೆ ಯಾರು ಅರ್ಜಿ ಹಾಕ್ತಾರೆ? ನೀನು ಏನು ಹುಡುಕ್ತಿದ್ದೀಯ, ಅದು ಎಲ್ಲಿ ಸಿಗಬಹುದು, ಅಷ್ಟು ಬರಿ’ ಅಂದರು. ಆಮೇಲೆ ಇನ್ನೊಂದು ಕೆಲಸ ಹೇಳಿದರು. ಅರ್ಜಿ ಹಾಕುವ ವಿಭಾಗದಲ್ಲಿ ಯಾರು ಯಾವುದರ ಮೇಲೆ ಕೆಲಸ ಮಾಡುತ್ತಿದ್ದಾರೆ ನೋಡು, ಅವರ ಒಂದೆರಡು ಲೇಖನ ಓದಿಕೋ ಅಂತ. ಇದನ್ನು ಮಾತ್ರ ಯಾರೂ ತಪ್ಪಿಸಬಾರದು. ವಿಭಾಗಕ್ಕೆ ಎಷ್ಟೇ ಹೆಸರಿದ್ದರೂ, ನಿಮ್ಮ ವಿಷಯದಲ್ಲಿ ಕೆಲಸ ಮಾಡಿದವರು ಅಲ್ಲಿ ಒಬ್ಬರೂ ಇಲ್ಲದಿದ್ದರೆ ಎರಡನೇ ವರ್ಷ ಕಷ್ಟವಾಗುತ್ತದೆ. ನಾನು ಸಾರ್ವಜನಿಕ ಆರೋಗ್ಯದ ಚರಿತ್ರೆ ಗೊತ್ತಿರುವವರು ಇದ್ದ ಕಡೆಗಳಿಗೆ ಮಾತ್ರ ಅರ್ಜಿ ಕಳಿಸಿದೆ. ಶಿಫಾರಸು ಪತ್ರ ಕೊಡುವವರಿಗೆ ನನ್ನ ಉದ್ದೇಶ ಪತ್ರದ ಪ್ರತಿಯನ್ನೂ ಮೊದಲೇ ಕೊಟ್ಟಿದ್ದೆ. ಏನು ಓದಲು ಹೊರಟಿದ್ದೇನೆ ಅಂತ ಗೊತ್ತಿದ್ದರೆ ಅವರು ಬರೆಯುವುದಕ್ಕೂ ತೂಕ ಬರುತ್ತದೆ.

ಮೊದಲ ವರ್ಷ ಪೂರ್ತಿ ತರಗತಿಗಳು. ನನಗೆ ಹೊಸ ಕಣ್ಣು ಕೊಟ್ಟದ್ದು ಇತಿಹಾಸ ಬರಹದ ಇತಿಹಾಸ ಎಂಬ ಪತ್ರಿಕೆ. ಯಾವ ಕಾಲದವರು ಇತಿಹಾಸವನ್ನು ಹೇಗೆ ಬರೆದರು, ಯಾವುದನ್ನು ಪುರಾವೆ ಅಂದರು ಎಂಬ ಪಾಠ. ಹೆಸರು ಕೇಳಿದರೆ ಒಣಗಿದಂತೆ ಅನ್ನಿಸಬಹುದು. ಆದರೆ ನಾವು ಅತಿ ಹೆಚ್ಚು ಜಗಳ ಆಡಿದ್ದು ಆ ತರಗತಿಯಲ್ಲೇ.

14ನೇ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಬಗ್ಗೆ ಮಾತಾಡಿದ ದಿನ ಚೆನ್ನಾಗಿ ನೆನಪಿದೆ. ಅವನು ಟ್ಯೂನಿಸ್‌ನಲ್ಲಿ ಹುಟ್ಟಿದವನು. ಬೈಬಲ್‌ನಲ್ಲಿ ಬರುವ ಮೋಸೆಸ್‌ನ ಸೈನ್ಯದಲ್ಲಿ 6 ಲಕ್ಷ ಜನ ಇದ್ದರು ಎಂದು ಹಿಂದಿನವರು ಬರೆದಿದ್ದನ್ನು ಅವನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ಅಷ್ಟು ಜನ ಸಾಲಾಗಿ ನಿಂತರೆ ಒಂದು ತುದಿಯವರಿಗೆ ಇನ್ನೊಂದು ತುದಿ ಕಾಣುವುದೇ ಇಲ್ಲ, ಆ ಸೈನ್ಯ ಯುದ್ಧ ಮಾಡುವುದಾದರೂ ಹೇಗೆ ಎಂದು ಕೇಳಿದ. ಅಷ್ಟು ದೊಡ್ಡ ಸೈನ್ಯವನ್ನು ಆ ಜಾಗ ಸಾಕಲು ಆಗುತ್ತಿತ್ತಾ ಅಂತಲೂ ಕೇಳಿದ. ಇದನ್ನೆಲ್ಲ ಬರೆದದ್ದು 1377ರಲ್ಲಿ! ಅಂದಿನಿಂದ ಯಾವ ಅಂಕಿ ಕಂಡರೂ ನಾನು ಮೊದಲು ಅದನ್ನು ಯಾರು ಎಣಿಸಿದರು, ಹೇಗೆ ಎಣಿಸಿದರು ಎಂದು ನೋಡುತ್ತೇನೆ. ನನ್ನನ್ನು ಇಲ್ಲಿಗೆ ಕರೆತಂದ 5 ಕೋಟಿಯನ್ನೂ ಹಾಗೇ ನೋಡಿದೆ. ಇನ್‌ಫ್ಲುಯೆಂಜಾ ಸಾವಿನ ಅಂದಾಜುಗಳು 1.7 ಕೋಟಿಯಿಂದ 10 ಕೋಟಿಯವರೆಗೂ ಇವೆ. ಸಾವಿನ ನೋಂದಣಿಯೇ ಸರಿಯಾಗಿ ಇಲ್ಲದ ನಾಡುಗಳು ಆಗ ಎಷ್ಟೋ ಇದ್ದವು. ನೋಂದಣಿ ಮಾಡುತ್ತಿದ್ದವರೂ ಹಾಸಿಗೆ ಹಿಡಿದಿದ್ದರು. ಅಷ್ಟು ದೊಡ್ಡ ವ್ಯತ್ಯಾಸ ಬರುವುದು ಹೀಗೆ.

ಇನ್ನೊಬ್ಬರು ಮಾರ್ಕ್ ಬ್ಲಾಕ್. 1929ರಲ್ಲಿ ಲೂಸಿಯೆನ್ ಫೆವ್ರ್ ಜೊತೆ ಸೇರಿ ‘ಅನಾಲ್’ ಪತ್ರಿಕೆ ಶುರು ಮಾಡಿದ ಫ್ರೆಂಚ್ ಇತಿಹಾಸಕಾರ. ಮೊದಲನೇ ಮಹಾಯುದ್ಧದಲ್ಲಿ ಸೈನಿಕನಾಗಿ ಕಂದಕಗಳಲ್ಲಿ ಇದ್ದವರು. ಯುದ್ಧದ ಕಾಲದ ಸುಳ್ಳು ಸುದ್ದಿಗಳ ಬಗ್ಗೆ ಅವರು 1921ರಲ್ಲಿ ಒಂದು ಲೇಖನ ಬರೆದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದದ್ದರಿಂದ ಸೈನಿಕರು ಅಚ್ಚಾದದ್ದನ್ನು ನಂಬುವುದನ್ನೇ ಬಿಟ್ಟರು, ಬಾಯಿಮಾತಿನ ಸುದ್ದಿ ಮತ್ತೆ ಬಲ ಪಡೆಯಿತು ಎಂಬುದು ಅವರು ಕಂಡದ್ದು. ಸುಳ್ಳು ಸುದ್ದಿಯೂ ಆ ಕಾಲದ ಜನರ ಮನಸ್ಸಿಗೆ ಒಂದು ಆಕರ ಆಗಬಹುದು ಅಂತ ಅವರು ತೋರಿಸಿಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಅವರು ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕೆ ಸೇರಿದರು. 1944ರ ಜೂನ್ 16ರಂದು ಅವರನ್ನು ಗುಂಡಿಟ್ಟು ಕೊಂದರು. ಅವರು ಅರ್ಧಕ್ಕೆ ಬಿಟ್ಟುಹೋದ ಹಸ್ತಪ್ರತಿ 1949ರಲ್ಲಿ ಪುಸ್ತಕವಾಯಿತು. ಇತಿಹಾಸದಿಂದ ಏನು ಪ್ರಯೋಜನ ಎಂದು ಒಬ್ಬ ಹುಡುಗ ತನ್ನ ಅಪ್ಪನನ್ನು ಕೇಳುವುದರಿಂದ ಅದು ಶುರುವಾಗುತ್ತದೆ. ಎಂ.ಎ. ಇತಿಹಾಸ ಅಂದ ಕೂಡಲೇ ನಮ್ಮೆಲ್ಲರಿಗೂ ಬಂಧುಗಳು ಕೇಳುವುದು ಇದನ್ನೇ ಅಲ್ವಾ? ಅಂಥ ವಿದ್ವಾಂಸ, ಅಂಥ ಕಾಲದಲ್ಲಿ, ಆ ಪ್ರಶ್ನೆಯನ್ನು ಗೌರವದಿಂದ ಎತ್ತಿಕೊಂಡದ್ದು ನನಗೆ ಬಹಳ ಧೈರ್ಯ ಕೊಟ್ಟಿತು.

ಎರಡನೇ ವರ್ಷ ಪ್ರಬಂಧ. ಗೈಡ್ ಮುಂದೆ ಕೂತು ‘1918ರ ಇನ್‌ಫ್ಲುಯೆಂಜಾ ಮತ್ತು ಸಮಾಜ’ ಎಂದಾಗ ಅವರು ಅದನ್ನು ಕಾಗದದ ಮೇಲೆ ಬರೆದುಕೊಂಡು ಕೇಳಿದರು: ‘ಯಾವ ಸಮಾಜ? ಯಾವ ತಿಂಗಳು? ಯಾರು ಹೇಳಿದ್ದು?’ ಮುಂದಿನ ಕೆಲವು ವಾರ ನಾವು ಮಾಡಿದ್ದು ಆ ಶೀರ್ಷಿಕೆಯನ್ನು ಕಿರಿದು ಮಾಡುವ ಕೆಲಸ. ಕೊನೆಗೆ ಉಳಿದದ್ದು ಇಷ್ಟು. ಒಂದು ದಿನಪತ್ರಿಕೆ, 1918ರ ಜೂನ್‌ನಿಂದ ಡಿಸೆಂಬರ್‌ವರೆಗೆ, ಆ ಜ್ವರದ ಸುದ್ದಿಯನ್ನು ಯಾವ ಪುಟದಲ್ಲಿ, ಯಾವ ಜಾಗದಲ್ಲಿ, ಯಾವ ಮಾತಿನಲ್ಲಿ ಕೊಟ್ಟಿತು? ಇಷ್ಟು ಚಿಕ್ಕದಾ ಅಂತ ಅನ್ನಿಸುತ್ತದೆ. ಆದರೆ ನಾಲ್ಕೈದು ತಿಂಗಳಲ್ಲಿ ಪುರಾವೆ ಸಮೇತ ಉತ್ತರ ಹೇಳಬಹುದಾದ ಪ್ರಶ್ನೆಯ ಅಳತೆ ಇಷ್ಟೇ. ಸಮಯಕ್ಕೆ ಎಂ.ಎ. ಪ್ರಬಂಧ ಮುಗಿಸಿದವರೆಲ್ಲ ಮೊದಲು ಈ ಕತ್ತರಿ ಕೆಲಸ ಮಾಡಿದವರು ಎಂದು ನಾನು ಕಂಡಿದ್ದೇನೆ.

ಪತ್ರಾಗಾರದ ದಿನಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಗು, ಪೆನ್ನು, ನೀರಿನ ಬಾಟಲಿ ಎಲ್ಲ ಹೊರಗೆ. ಒಳಗೆ ಪೆನ್ಸಿಲ್, ಬಿಡಿ ಹಾಳೆ ಮಾತ್ರ. ಚೀಟಿಯಲ್ಲಿ ಸಂಪುಟದ ಸಂಖ್ಯೆ ಬರೆದು ಕೊಟ್ಟರೆ ಸಿಬ್ಬಂದಿ ತಂದು ಮೇಜಿನ ಮೇಲೆ ಇಡುತ್ತಾರೆ. ಆಗಿನ ಅಗ್ಗದ ಕಾಗದ ಕಂದುಬಣ್ಣಕ್ಕೆ ತಿರುಗಿ, ಅಂಚು ಮುಟ್ಟಿದರೆ ಉದುರುತ್ತದೆ. ಎರಡೂ ಕೈಯಲ್ಲಿ ಪುಟ ಎತ್ತಿ ತಿರುಗಿಸಬೇಕು.

ಜೂನ್ ಪುಟಗಳಲ್ಲಿ ಯುದ್ಧದ ತಂತಿ ಸುದ್ದಿಗಳ ಕೆಳಗೆ ಎರಡು ಸಾಲು: ಸ್ಪೇನ್‌ನಲ್ಲಿ ಜ್ವರ, ದೊರೆಗೂ ಕಾಯಿಲೆ. ಯುದ್ಧದಲ್ಲಿದ್ದ ದೇಶಗಳು ತಮ್ಮ ಸೈನಿಕರ ಕಾಯಿಲೆಯ ಸುದ್ದಿ ಹೊರಗೆ ಬಿಡುತ್ತಿರಲಿಲ್ಲ. ಸ್ಪೇನ್ ಯುದ್ಧಕ್ಕೆ ಇಳಿದಿರಲಿಲ್ಲ. ಹಾಗಾಗಿ ಅಲ್ಲಿನ ಪತ್ರಿಕೆಗಳು ಜ್ವರದ ಬಗ್ಗೆಯೂ, ದೊರೆ 13ನೇ ಅಲ್ಫಾನ್ಸೋ ಮಲಗಿದ ಬಗ್ಗೆಯೂ ಬಿಚ್ಚಿ ಬರೆದವು. ಇದ್ದದ್ದನ್ನು ಹೇಳಿದ ದೇಶದ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಎಲ್ಲರ ಬಾಯಲ್ಲೂ ಅದು ಸ್ಪ್ಯಾನಿಷ್ ಜ್ವರ. ಬ್ಲಾಕ್ ಕಂದಕದಲ್ಲಿ ಕಂಡ ಸೆನ್ಸಾರ್‌ನ ಕೈ ನನ್ನ ಮೇಜಿನ ಮೇಲಿದ್ದ ಪುಟಗಳಲ್ಲೂ ಕಾಣುತ್ತಿತ್ತು.

ಅಕ್ಟೋಬರ್ ಹೊತ್ತಿಗೆ ಪತ್ರಿಕೆಯ ಮೈಯೇ ಬದಲಾಗಿತ್ತು. ಸಂಪಾದಕೀಯದಲ್ಲಿ ಈಗಲೂ ಯುದ್ಧ. ಆದರೆ ಜಾಹೀರಾತಿನ ಕಾಲಂ ತುಂಬ ಟಾನಿಕ್, ಸೋಂಕುನಾಶಕ. ಶಾಲೆ ಮುಚ್ಚಿದ, ಸಭೆ ಮುಂದೂಡಿದ ಪ್ರಕಟಣೆಗಳು. ಒಂದು ದಿನದ ಸಂಚಿಕೆಯ ಮೂಲೆಯಲ್ಲಿ ಚೌಕಟ್ಟು ಹಾಕಿ ಸಣ್ಣ ಅಕ್ಷರದಲ್ಲಿ ಒಂದು ಮಾತು ಇತ್ತು. ಅಚ್ಚಿನ ಮೊಳೆ ಜೋಡಿಸುವವರು ಕಾಯಿಲೆ ಬಿದ್ದಿರುವುದರಿಂದ ಇಂದಿನ ಪತ್ರಿಕೆಗೆ ಪುಟ ಕಡಿಮೆ, ಓದುಗರು ಕ್ಷಮಿಸಬೇಕು. ಆ ಚೌಕದ ಮುಂದೆ ತುಂಬಾ ಹೊತ್ತು ಕೂತಿದ್ದೆ. ಸುದ್ದಿ ಬರೆಯುವವರು ಹೇಳದೆ ಬಿಟ್ಟದ್ದನ್ನು ಮೊಳೆ ಜೋಡಿಸುವವರ ಖಾಲಿ ಜಾಗ ಹೇಳುತ್ತಿತ್ತು. ನನ್ನ ಪ್ರಬಂಧದ ಮುಖ್ಯ ವಾದ ಹುಟ್ಟಿದ್ದು ಅಲ್ಲೇ. ಈ ಪತ್ರಿಕೆಯಲ್ಲಿ ಜ್ವರದ ಚರಿತ್ರೆ ಇರುವುದು ಸುದ್ದಿ ಪುಟಕ್ಕಿಂತ ಜಾಹೀರಾತು, ಪ್ರಕಟಣೆ, ಮರಣವಾರ್ತೆಗಳಲ್ಲಿ ಜಾಸ್ತಿ. ನವೆಂಬರ್ 11ಕ್ಕೆ ಕದನವಿರಾಮವಾಯಿತು. ಅದರ ಸುದ್ದಿ ಹೊತ್ತ ಸಂಚಿಕೆಯಲ್ಲಿ ವಿಜಯದ ದೊಡ್ಡಕ್ಷರಗಳ ಹಿಂಬದಿಯ ಪುಟದಲ್ಲೇ ಮರಣವಾರ್ತೆಗಳ ಉದ್ದನೆಯ ಕಾಲಂ. ಹೆಚ್ಚಿನವರು 20ರಿಂದ 40 ವಯಸ್ಸಿನವರು. ಗಟ್ಟಿಮುಟ್ಟಾದ ವಯಸ್ಸಿನವರನ್ನೇ ಆ ಜ್ವರ ಜಾಸ್ತಿ ಬಲಿ ತೆಗೆದುಕೊಂಡದ್ದು ಲೋಕದ ಎಲ್ಲೆಡೆಯ ಅನುಭವ.

ಜೀವವಿಜ್ಞಾನ ಓದಿ ಬಂದದ್ದು ನನಗೆ ಇಲ್ಲಿ ಬೇರೆ ರೀತಿಯಲ್ಲಿ ನೆರವಾಯಿತು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ್ದು 1933ರಲ್ಲಿ. 1918ರ ವೈದ್ಯರಲ್ಲಿ ಅನೇಕರು ಜರ್ಮನ್ ವಿಜ್ಞಾನಿ ಫೈಫರ್ 1892ರಲ್ಲಿ ವಿವರಿಸಿದ ಬ್ಯಾಕ್ಟೀರಿಯಾವೇ ಕಾರಣ ಅಂದುಕೊಂಡಿದ್ದರು. ಅವರಿಗೆ ತಿಳಿಯದೇ ಇದ್ದದ್ದು ಏನು ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅದಕ್ಕೇ ಅವರು ಕೊಟ್ಟ ಸಲಹೆಗಳನ್ನು ಅವರ ಕಾಲದ ತಿಳಿವಳಿಕೆಯ ಒಳಗೆ ನಿಂತು ಓದಲು ಸಾಧ್ಯವಾಯಿತು. ಸತ್ತವರನ್ನು ಮೂಢರೆಂದು ಕರೆಯುವ ಇತಿಹಾಸ ನನಗೆ ಆಗಲೂ ಬೇಡವಾಗಿತ್ತು, ಈಗಲೂ ಬೇಡ.

ಬರೆಯುವ ಹಂತದ ಬಗ್ಗೆ ಹೇಳುವುದು ಕಡಿಮೆ. ಅಡಿಟಿಪ್ಪಣಿಯನ್ನು ಅಂದಂದೇ ಹಾಕುತ್ತಾ ಹೋಗಿ, ತಾರೀಕು, ಪುಟ, ಕಾಲಂ ಮೂರನ್ನೂ ಬರೆದಿಟ್ಟುಕೊಳ್ಳಿ. ಪ್ರತಿ ಅಧ್ಯಾಯವನ್ನೂ ಮುಗಿದ ಕೂಡಲೇ ಗೈಡ್‌ಗೆ ಕೊಡಿ. ನನ್ನ ಗೈಡ್ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದಂತೆ ಪ್ರಬಂಧ ತಾನಾಗಿ ಬೆಳೆಯಿತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅನುಬಂಧದಿಂದ ಶುರು ಮಾಡಿದರು. ಒಂದೇ ಪತ್ರಿಕೆ ಓದಿ ಇಡೀ ಜನರ ಅನುಭವ ಹೇಳಬಹುದಾ ಎಂದು ಕೇಳಿದರು. ಹೇಳಲಾಗುವುದಿಲ್ಲ, ಪತ್ರಿಕೆ ಕೊಂಡು ಓದುತ್ತಿದ್ದವರ, ಅದರಲ್ಲಿ ಪ್ರಕಟಣೆ ಹಾಕಿಸಲು ಆಗುತ್ತಿದ್ದವರ ಲೋಕ ಮಾತ್ರ ಇಲ್ಲಿ ಕಾಣುತ್ತದೆ, ಉಳಿದವರಿಗೆ ಆಸ್ಪತ್ರೆ ದಾಖಲೆ, ಸಾವಿನ ನೋಂದಣಿ, ಪತ್ರಗಳು ಬೇಕು ಎಂದೆ. ಅವರು ತಲೆಯಾಡಿಸಿ, ಹಾಗಾದರೆ ಮುಂದಿನ ಕೆಲಸ ಯಾವುದು ಎಂದರು. ಮಾತು ಅಲ್ಲಿಂದ ಚೆನ್ನಾಗಿ ಬೆಳೆಯಿತು.

ಪ್ರಬಂಧದ ಒಂದು ಪ್ರತಿ ವಿಭಾಗದ ಗ್ರಂಥಾಲಯದಲ್ಲಿದೆ. ಜ್ವರದ ಸುದ್ದಿ, ಜಾಹೀರಾತು, ಪ್ರಕಟಣೆಗಳ ತಾರೀಕುವಾರು ಪಟ್ಟಿ ಅದರ ಕೊನೆಯಲ್ಲಿದೆ, ಯಾರು ಬೇಕಾದರೂ ಬಳಸಿಕೊಳ್ಳಬಹುದು. ನನ್ನ ಪಟ್ಟಿ 1918ರ ಡಿಸೆಂಬರ್‌ಗೆ ನಿಲ್ಲುತ್ತದೆ. ಜ್ವರದ ಮೂರನೇ ಅಲೆ ಬಂದದ್ದು 1919ರ ಮೊದಲ ತಿಂಗಳುಗಳಲ್ಲಿ. ಆ ಸಂಪುಟಗಳನ್ನು ಈ ದೃಷ್ಟಿಯಿಂದ ಇನ್ನೂ ಯಾರೂ ಓದಿಲ್ಲ. ಈ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಅಲ್ಲಿಂದ ಶುರು ಮಾಡುವುದಾದರೆ ನನ್ನ ಟಿಪ್ಪಣಿ ಹಾಳೆಗಳನ್ನೂ ಕೊಡುತ್ತೇನೆ.